ಮಗಳ ಕೋಟೆಯ ಕೋಡಿ

ನೀರು ಸುರಿಯುವ ನಲ್ಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೋಗಿ ತಿರುಗಿಸಿ ನಿಲ್ಲಿಸಿಬಿಡುತ್ತದೆ. ಅದು ಯಾರ ನಲ್ಲಿ, ಯಾಕೆ ಬಿಟ್ಟಿದ್ದಾರೆ ಎಂದು ಒಂದು ಮಾತು ಕೇಳೋಣವೆಂಬುದು ಕೈಗೆ ಹೊಳೆಯುವುದೇ ಇಲ್ಲ. ಒಮ್ಮೆ ಒಂದು ಮದುವೆಯಲ್ಲಿ ಅಡುಗೆಯವರು ದೊಡ್ಡ ಕೊಪ್ಪರಿಗೆಗೆ ಪೈಪು ಬಿಟ್ಟು ತರಕಾರಿ ಹೆಚ್ಚಲು ಕೂತಿದ್ದರು. ಕೈ ತೊಳೆಯಲು ಹಿಂದಕ್ಕೆ ಹೋದ ನಾನು ನಲ್ಲಿ ನಿಲ್ಲಿಸಿ ಬಂದೆ. ಅರ್ಧ ಗಂಟೆಯ ಮೇಲೆ ಒಲೆ ಹಚ್ಚಲು ಹೋದವರಿಗೆ ಕೊಪ್ಪರಿಗೆಯಲ್ಲಿ ಕಂಡದ್ದು ನಾಲ್ಕು ಬೆರಳು ನೀರು. "ಯಾವ ಮಹಾತಾಯಿ ಬಂದ್ ಮಾಡಿದ್ದು ಇದ್ನ?" ಎಂದು ಅಡುಗೆಯವನು ಕೂಗಿದಾಗ ನಾನು ಮದುಮಗಳ ಸೀರೆಯ ಅಂಚನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಇದನ್ನು ನೀವು ನೀರಿನ ಉಳಿತಾಯ ಎಂದುಕೊಂಡರೆ ನನಗೆ ಸಂತೋಷವೇ. ಶಾಲೆಯಲ್ಲಿ ಹಾಗೇ ಅಂದುಕೊಂಡಿದ್ದಾರೆ. ಪೊನ್ನಂಪೇಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ಪರಿಸರ ದಿನದಂದು ಭಾಷಣ ಮಾಡಲು ಪ್ರತಿವರ್ಷ ನನ್ನನ್ನೇ ನಿಲ್ಲಿಸುತ್ತಾರೆ. ನಾನೂ ಬೇಡವೆನ್ನುವುದಿಲ್ಲ. ನಿಜವಾದ ಕಾರಣ ಬೇರೆ. ಅದನ್ನು ಮೊನ್ನೆಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಿಟ್ಟಂಗಾಲದ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಸಾಲಾಗಿ ಹನ್ನೆರಡು ಮನೆ, ಹನ್ನೆರಡಕ್ಕೂ ಸೇರಿ ಒಂದು ನಲ್ಲಿ. ಗುಡ್ಡದ ಮೇಲೊಂದು ತೊಟ್ಟಿ, ಅದು ದಿನಕ್ಕೊಮ್ಮೆ ತುಂಬಬೇಕು. ತುಂಬಿದ್ದು ಮುಗಿದರೆ ಮರುದಿನದವರೆಗೆ ಇಲ್ಲ. ಅಪ್ಪ ಹಾಸನದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಅಲ್ಲಿ ಗುಂಡಿ, ಚರಂಡಿ, ಕೆರೆ ತೋಡುವ ಆಳಾದವರು. ಅಮ್ಮ ಕಾಫಿ ಕೊಯ್ಯುತ್ತಿದ್ದಳು. ಆ ಲೈನಿನಿಂದ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅವಕಾಶ ಸಿಕ್ಕಾಗಲೆಲ್ಲ ಹೇಳಿಕೊಳ್ಳುತ್ತೇನೆ. ನನ್ನ ಮಗಳು ಚಿತ್ರಾ ಇದನ್ನು "ಅಮ್ಮನ ರಾಷ್ಟ್ರಗೀತೆ" ಎನ್ನುತ್ತಾಳೆ.

ಚಿತ್ರಾ ಈಗ ಡಿಗ್ರಿಯ ಎರಡನೇ ವರ್ಷ. ಒಂದು ವರ್ಷದಿಂದ ಅವಳು ಓದು ಮುಗಿಸಿ ಉಳಿದ ಹೊತ್ತಿನಲ್ಲೆಲ್ಲ ಲ್ಯಾಪ್‌ಟಾಪಿನಲ್ಲಿ ಒಂದು ಕೋಟೆ ಕಟ್ಟುತ್ತಿದ್ದಳು. ಆಟ ಹೀಗೆ: ಏಳು ಜನ ಕುಳ್ಳರನ್ನು ಕೊಡುತ್ತಾರೆ. ಅವರನ್ನು ಕಟ್ಟಿಕೊಂಡು ಗುಡ್ಡ ಕೊರೆದು, ಕಲ್ಲು ಹೊತ್ತು, ಬೆಳೆ ಬೆಳೆದು ಕೋಟೆ ಮಾಡಬೇಕು. ಕುಳ್ಳರಿಗೆ ಹಸಿವಾಗುತ್ತದೆ, ಬೇಜಾರಾಗುತ್ತದೆ, ಮಕ್ಕಳಾಗುತ್ತವೆ. ಕೋಟೆ ಮುಗಿದ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟು, ಒಬ್ಬ ದಾರಿಹೋಕನ ರೂಪದಲ್ಲಿ ಅದೇ ಲೋಕಕ್ಕೆ ಇಳಿದು, ಕಟ್ಟಿದ್ದರೊಳಗೆ ನಡೆದಾಡಬಹುದು. ಹೀಗೆ ಒಬ್ಬರ ಕೋಟೆಯೊಳಗೆ ಇನ್ನೊಬ್ಬರು ಸುತ್ತಾಡಿ, ಕಂಡದ್ದನ್ನು ಬರೆಯುವ ಒಂಬತ್ತು ಜನರ ಗುಂಪೊಂದು ಇವಳದು. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆದರೆ ನಿಯಮ ಬಲು ಬಿಗಿ. ಕೋಟೆ ಕಳಿಸುವಾಗ ಅದರ ಚರಿತ್ರೆಯನ್ನೂ ಬರೆದು ಕಳಿಸಬೇಕು: ಶತ್ರು ಯಾವಾಗ ಬಂದ, ಯಾರು ಸತ್ತರು, ಯಾವ ಗೋಡೆ ಕುಸಿಯಿತು. ಏನಾದರೂ ಕೆಟ್ಟದ್ದಾದರೆ ಮೊದಲೇ ಉಳಿಸಿಟ್ಟ ಹಳೆಯ ಪ್ರತಿಯನ್ನು ಕಳಿಸಿ, ಅದು ಆಗಲೇ ಇಲ್ಲವೆನ್ನುವುದು ಅವರಲ್ಲಿ ನಾಚಿಕೆಗೇಡಿನ ಕೆಲಸ.

ಕೋಟೆ ಕಳಿಸುವ ಇವಳ ಸರದಿ ಒಂದು ಶನಿವಾರಕ್ಕೆ ಬಂದಿತ್ತು. ಅದಕ್ಕೆ ಮೂರು ದಿನ ಮೊದಲು ಕಾಲೇಜಿನ ಶಿಬಿರವೆಂದು ಕುಶಾಲನಗರದ ಕಡೆಗೆ ಹೊರಟಳು. ಹೊರಡುವಾಗ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟಳು.

"ವರ್ಷ ಇಡೀ ಬೈದಿದ್ದೀಯಲ್ಲ, ಏನ್ ಮಾಡ್ತಾ ಕೂತಿರ್ತೀಯ ಅಂತ? ಹೋಗಿ ನೋಡು. ಬೇರೆ ಯಾರೂ ನೋಡೋಕ್ ಮುಂಚೆ ನೀನೇ ನೋಡು."

"ನಂಗೆ ಇದೆಲ್ಲ ಎಲ್ಲಿ ಬರ್ತದೆ ಮಾರಾಯ್ತಿ?"

"ಬಾಣದ ಗುರುತಿನ ಕೀ ಒತ್ತಿದ್ರೆ ನಡೀತಾನೆ. ಬಿ.ಎಡ್. ಮಾಡಿದವರಿಗೆ ಅಷ್ಟೂ ಬರಲ್ವಾ? ಒಂದೇ ಮಾತು, ಒಳಗೆ ಏನೂ ಮುಟ್ಟಬೇಡ. ನೋಡು ಅಷ್ಟೆ."

ಮರುದಿನ ನಮಗೆ ರಜೆ. ನನ್ನ ಗಂಡ ಗುಂಡ್ಲುಪೇಟೆಯಲ್ಲಿ ಕೆಲಸದಲ್ಲಿದ್ದಾರೆ, ತಿಂಗಳಿಗೆರಡು ಸಲ ಬರುತ್ತಾರೆ. ಮನೆಯಲ್ಲಿ ನಾನು ಮತ್ತು ಅಪ್ಪ ಮಾತ್ರ. ಅಪ್ಪ ಊಟ ಮಾಡಿ ಜಗುಲಿಯಲ್ಲಿ ಅಡ್ಡಾದರು. ನಾನು ಕನ್ನಡಕ ಒರೆಸಿಕೊಂಡು, ಕೀಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಲೋಕಕ್ಕೆ ಇಳಿದೆ. ನನ್ನ ದಾರಿಹೋಕ ಒಂದು ಬಯಲಿನಲ್ಲಿ ನಿಂತಿದ್ದ. ಎದುರಿಗೆ ಗುಡ್ಡ, ಗುಡ್ಡದ ಸುತ್ತ ಆಳವಾದ ಕಂದಕ, ಕಂದಕದ ಮೇಲೆ ಸೇತುವೆ, ಸೇತುವೆಯಾಚೆ ದೊಡ್ಡ ಬಾಗಿಲು.

ಕಂದಕ ನೋಡಿ ನನಗೆ ನಗು ಬಂತು. ನಮ್ಮ ಎಸ್ಟೇಟಿನ ಅಂಚಿನಲ್ಲೂ ಒಂದು ಕಡಂಗವಿತ್ತು. ಯಾವ ಕಾಲದಲ್ಲೋ ಶತ್ರು ಬರಬಾರದೆಂದು ಊರವರು ಮೈಲುಗಟ್ಟಲೆ ತೋಡಿದ ಕಂದಕ ಅದು. ನಾವು ಅದರಲ್ಲಿ ಇಳಿದು ಸೌದೆ ಆರಿಸುತ್ತಿದ್ದೆವು. ಅದನ್ನು ಆನೆಗಳೇ ತೋಡಿದ್ದೆಂದು ನಾನು ಏಳನೇ ಕ್ಲಾಸಿನವರೆಗೂ ನಂಬಿದ್ದೆ. ಮೇಷ್ಟರು ಶತ್ರು ಅಂದಾಗ, ಈ ಚಳಿಗೆ, ಈ ಜಿಗಣೆಗೆ ಹೆದರದೆ ಬರುವ ಶತ್ರು ಯಾರಪ್ಪ ಎಂದು ಆಶ್ಚರ್ಯಪಟ್ಟಿದ್ದೆ.

ಸೇತುವೆ ದಾಟಿ ದೊಡ್ಡ ಬಾಗಿಲಿನಿಂದ ಹೋಗಬೇಕಿತ್ತು. ನಾನು ಹೋಗಲಿಲ್ಲ. ಗುಡ್ಡವನ್ನು ಸುತ್ತು ಹಾಕಿ ಹಿಂದಿನ ಬಾಗಿಲು ಹುಡುಕತೊಡಗಿದೆ. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ನನಗೇ ಗೊತ್ತಾಯಿತು. ಎಸ್ಟೇಟಿನ ಸಾಹುಕಾರರ ಬಂಗಲೆಗೆ ಹೋದಾಗಲೆಲ್ಲ ಅಡುಗೆಮನೆ ಕಡೆಯಿಂದ ಸುತ್ತಿ ಹೋಗಿಯೇ ಬೆಳೆದವಳು, ಮಗಳು ಕಟ್ಟಿದ ಕೋಟೆಗೂ ಹಾಗೇ ಹೊರಟಿದ್ದೆ. ಛೆ ಎಂದು ತಿರುಗಿ ಬಂದು, ಎದೆಯುಬ್ಬಿಸಿ, ಮುಂಬಾಗಿಲಿನಿಂದಲೇ ನುಗ್ಗಿದೆ. ಕಾವಲಿನವನು ನನ್ನನ್ನು ನೋಡಿ ಏನೋ ಕೇಳಿದ. ನಾನು ಗಾಬರಿಯಲ್ಲಿ ಯಾವುದೋ ಕೀ ಒತ್ತಿದೆ. ನನ್ನವನು ಅವನ ಎದುರಿಗೆ ನೆಲದ ಮೇಲೆ ಮಲಗಿಬಿಟ್ಟ. ಎಬ್ಬಿಸಲು ಇನ್ನೂ ಐದು ನಿಮಿಷ ಬೇಕಾಯಿತು.

ಒಳಗೆ ಹೋದ ಮೇಲೆ ಮಾತ್ರ ನಗು ನಿಂತಿತು. ಎಂಥ ಕೆಲಸ ಮಾಡಿದ್ದಾಳೆ ಹುಡುಗಿ! ಮೆಟ್ಟಿಲು ಇಳಿದಂತೆ ಅಂತಸ್ತು ಅಂತಸ್ತಾಗಿ ಕೆಳಗೆ ಹೋಗುತ್ತದೆ. ಕಮ್ಮಾರಸಾಲೆ, ಉಗ್ರಾಣ, ಮಕ್ಕಳಿಗೊಂದು ಅಂಗಳ, ಅರವತ್ತು ಜನ ಕೂತು ಉಣ್ಣುವ ಹಜಾರ, ಗೋಡೆಗಳ ಮೇಲೆಲ್ಲ ಚಿತ್ರ. ಎಲ್ಲರಿಗೂ ಒಂದೊಂದು ಕೋಣೆ, ಎಲ್ಲಾ ಕೋಣೆಯೂ ಒಂದೇ ಅಳತೆ. ಲೈನಿನಲ್ಲಿ ಆರು ಜನ ಒಂದೇ ಕೋಣೆಯಲ್ಲಿ ಮಲಗಿದ್ದ ನಾನು ಒಂದು ಖಾಲಿ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಹೆಸರು ಓದಿದಾಗ ಇನ್ನೂ ಚಕಿತಳಾದೆ. ಕುಳ್ಳರಿಗೆಲ್ಲ ನಮ್ಮ ಲೈನಿನವರ ಹೆಸರು! ನಾನೂ ಅಪ್ಪನೂ ಊಟಕ್ಕೆ ಕೂತಾಗ ಹೇಳುತ್ತಿದ್ದ ಹಳೆಯ ಕಥೆಗಳನ್ನೆಲ್ಲ ಇವಳು ಕಿವಿಗೆ ಹಾಕಿಕೊಂಡಿದ್ದಾಳೆ. ಕಲ್ಲು ಕೆತ್ತುವವನು ಬೀರಣ್ಣ. ಕಾವಲಿನವನು, ನಾನು ಎದುರಿಗೆ ಮಲಗಿದೆನಲ್ಲ, ಮೊಣ್ಣಪ್ಪ. ಕೆಳಗಿನ ಉಗ್ರಾಣದಲ್ಲಿ ಪೀಪಾಯಿಗಳ ನಡುವೆ ಓಡಾಡುತ್ತಿದ್ದವಳು ಜಾನಕಿ. ಆ ಹೆಸರು ಕಂಡ ಕೂಡಲೇ ನನ್ನವನನ್ನು ಬೇರೆ ದಾರಿಗೆ ತಿರುಗಿಸಿದೆ.

ಆ ದಾರಿಯ ಕೊನೆಯಲ್ಲಿ ಒಂದು ಕಿರಿದಾದ ಕೋಣೆ. ಮೇಲಿನ ಹೊಳೆಯಿಂದ ಕೋಟೆಯೊಳಗಿನ ಕೆರೆಗೆ ನೀರು ತಂದಿದ್ದಾಳೆ. ಆ ಕೆರೆಯ ಪಕ್ಕದಲ್ಲೊಂದು ತೂಬಿನ ಬಾಗಿಲು, ಪೂರ್ತಿ ತೆರೆದಿದೆ. ಅದರಿಂದ ನೀರು ಸುರಿದು, ಗುಡ್ಡದ ಇನ್ನೊಂದು ಬದಿಗೆ, ಯಾರಿಗೂ ಬೇಡದ ಜಾಗಕ್ಕೆ, ಸುಮ್ಮನೆ ಹರಿದುಹೋಗುತ್ತಿದೆ. ಪಕ್ಕದಲ್ಲಿ ಅದನ್ನು ಮುಚ್ಚಿ ತೆರೆಯುವ ಒಂದು ಸನ್ನೆಕೋಲು.

ಕೈ ಹೋಯಿತು. ನಾನೇನು ಮಾಡಲಿ, ಹೋಗಿಬಿಟ್ಟಿತು. ಸನ್ನೆ ಎಳೆದೆ. ಬಾಗಿಲು ಮುಚ್ಚಿತು. ನೀರು ನಿಂತಿತು. ಆ ಕ್ಷಣದಲ್ಲಿ ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನವೂ ಆಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಕೆರೆಯ ಅಂಚಿನಿಂದ ನೀಲಿ ಚೌಕ ಒಂದು ಆಚೆ ಬಂತು. ಆಮೇಲೆ ಎರಡು. ಆಮೇಲೆ ಲೆಕ್ಕ ತಪ್ಪಿತು. ನೀರು ನನ್ನವನ ಕಾಲಿಗೆ ಬಂದಾಗ ನಾನು ಸನ್ನೆಯನ್ನು ಮತ್ತೆ ಎಳೆಯಬೇಕಿತ್ತು. ಎಳೆಯಲಿಲ್ಲ, ಓಡಿದೆ. ಮೆಟ್ಟಿಲು ಹತ್ತಿ ಮೇಲೆ ನಿಂತು ತಿರುಗಿ ನೋಡಿದರೆ ಸನ್ನೆಯ ಕೋಣೆ ಮುಳುಗಿತ್ತು. ನೀರು ಹಜಾರಕ್ಕೆ ಇಳಿಯುತ್ತಿತ್ತು. ಆಟದಿಂದ ಹೊರಗೆ ಬಂದುಬಿಟ್ಟರೆ ಆದದ್ದೆಲ್ಲ ಅಳಿಸಿಹೋದೀತೆಂದು ಹೊರಗೆ ಬಂದೆ. ಮತ್ತೆ ತೆರೆದು ನೋಡಿದಾಗ ತಿಳಿಯಿತು, ಹೊರಬರುವಾಗ ಅದು ಇದ್ದದ್ದನ್ನು ಇದ್ದಂತೆ ಉಳಿಸಿಕೊಳ್ಳುತ್ತದೆ. ನೀರು ಹಾಗೇ ಇತ್ತು, ಇನ್ನೂ ಏರುತ್ತಿತ್ತು.

"ಅಪ್ಪಾ!" ಎಂದು ನಾನು ಕೂಗಿದ ರೀತಿಗೆ ಅಪ್ಪ ಪಂಚೆ ಕಟ್ಟಿಕೊಳ್ಳುತ್ತ ಓಡಿ ಬಂದರು.

"ಏನವ್ವಾ, ಹಾವಾ?"

ತೋರಿಸಿದೆ. ಅಪ್ಪನಿಗೆ ಓದು ಬಾರದು, ಆದರೆ ವರ್ಷವಿಡೀ ಮೊಮ್ಮಗಳ ಬೆನ್ನ ಹಿಂದೆ ಕೂತು ಕೋಟೆ ನೋಡಿದವರು. ಯಾವ ಅಂತಸ್ತಿನಲ್ಲಿ ಏನಿದೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನೀರು ಎಲ್ಲಿಂದ ಬತ್ತಾ ಅದೆ?"

"ಮೇಲೆ ಹೊಳೆಯಿಂದ."

"ಬರೋದು ನಿಂತಿಲ್ಲ. ಹೋಗೋದ್ನ ಮಾತ್ರ ನಿಲ್ಸಿದೀಯ."

"ಸುಮ್ನೆ ಹೊರಗೆ ಪೋಲಾಗ್ತಿತ್ತು ಅಪ್ಪಾ."

ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. "ಪೋಲಲ್ಲ ಕಣವ್ವಾ ಅದು. ಅದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೋಗಕೆ ದಾರಿ ಬ್ಯಾಡ್ವಾ? ನಾನೇ ಹೇಳ್ಕೊಟ್ಟಿದ್ದು ಮಗೀಗೆ, ಕೋಡಿ ಇಲ್ದೆ ಕೆರೆ ಮಾಡ್ಬ್ಯಾಡ ಅಂತ. ಎಷ್ಟು ಚೆಂದಾಗಿ ಮಾಡಿತ್ತು!"

ಕೆರೆ ತೋಡುವವನ ಮಗಳು ನಾನು. ಎರಡು ಡಿಗ್ರಿ ತೆಗೆದುಕೊಂಡವಳು. ಕೋಡಿ ನನಗೆ ಗೊತ್ತಾಗಲಿಲ್ಲ. ನನಗೆ ಕಂಡದ್ದು ತೆರೆದ ನಲ್ಲಿ.

ನಾವಿಬ್ಬರೂ ಸಂಜೆಯವರೆಗೆ ಒದ್ದಾಡಿದೆವು. "ಆ ಕಡೆ ತಗ್ಗು ಅದೆ, ಆ ಬಾಗ್ಲು ತೆಗಿ" ಎಂದು ಅಪ್ಪ, "ಅದು ತೆಗೆಯೋಕೆ ಬರಲ್ಲ ಅಪ್ಪಾ" ಎಂದು ನಾನು. ಸನ್ನೆಯ ಕೋಣೆಗೆ ಎರಡು ಸಲ ನುಗ್ಗಲು ಹೋದೆ. ನನ್ನವನಿಗೆ ಈಜು ಬರುವುದಿಲ್ಲ, ನನ್ನ ಹಾಗೆಯೇ. ಕಡೆಗೆ ನೀರು ಹೊಳೆಯ ಮಟ್ಟಕ್ಕೆ ಏರಿ ತಾನೇ ನಿಂತಿತು. ಸತ್ತವರ ಪಟ್ಟಿ ತೆಗೆದು ಓದಿದೆ. ಮೂವತ್ತೊಂದು ಹೆಸರು.

"ಜಾನಕಿ ಎಲ್ಲವ್ಳೆ?" ಎಂದರು ಅಪ್ಪ.

"ಉಗ್ರಾಣದಲ್ಲಿದ್ಲು. ಹೋದ್ಲು."

"ಪಾಪ. ಅವ್ಳಿಗೆ ನೀರಿನ ಗ್ರಾಚಾರ. ಅವತ್ತೂ ನೀರೇ, ಇವತ್ತೂ ನೀರೇ" ಎಂದು ಅಪ್ಪ ಎದ್ದು ಜಗುಲಿಗೆ ಹೋದರು.

ಅವತ್ತು ಎಂದರೆ ಯಾವತ್ತು ಎಂಬುದನ್ನು ನಿಮಗೆ ಹೇಳಬೇಕು. ನಾನು ಆರನೇ ಕ್ಲಾಸು. ಮರುದಿನ ಲೈನಿನಲ್ಲೊಂದು ಮದುವೆ. ಕೊಡವನ್ನು ನಲ್ಲಿಯ ಕೆಳಗಿಟ್ಟು ನಾನು ಪುಸ್ತಕ ಓದುತ್ತ ನಿಂತಿದ್ದೆ. ಕೊಡ ತುಂಬಿತು. ಪುಸ್ತಕದಿಂದ ಕಣ್ಣು ತೆಗೆಯದೆ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಹೋದೆ. ನಲ್ಲಿ ನಿಲ್ಲಿಸಲಿಲ್ಲ. ದೊಡ್ಡವರೆಲ್ಲ ತೋಟದಲ್ಲಿದ್ದರು. ಸಂಜೆಗೆ ತೊಟ್ಟಿ ಬರಿದಾಗಿತ್ತು. ಮದುವೆಯ ನೀರಿಗೆ ಹೆಂಗಸರೆಲ್ಲ ಒಂದು ಮೈಲಿ ಕೆಳಗಿನ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಕೊಡ ಹೊತ್ತು ನಡೆದರು.

ನಲ್ಲಿಯ ಪಕ್ಕದ ಮನೆ ಜಾನಕಿಯದು. ವಯನಾಡಿನ ಕಡೆಯವಳು, ಒಂಟಿ ಹೆಂಗಸು, ಜೊತೆಗೊಂದು ಕೂಸು. ಜ್ವರವೆಂದು ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಮನೆಯಲ್ಲಿದ್ದವಳು ಅವಳೊಬ್ಬಳೇ, ಹಾಗಾಗಿ ನಲ್ಲಿ ಬಿಟ್ಟವಳೂ ಅವಳೇ ಎಂದಾಯಿತು. ಮರುದಿನ ಬೆಳಗ್ಗೆ ಹಾಜರಿ ಕೂಗುವಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದ. "ನಾನ್ ಅಲ್ಲ ಸಾರೇ, ಸತ್ಯಮಾಯಿಟ್ ನಾನ್ ಅಲ್ಲ" ಎಂದಳು ಅವಳು. ನನ್ನ ಕಡೆಗೊಮ್ಮೆ ನೋಡಿದಳು. ಅವಳು ಕಿಟಕಿಯಿಂದ ನನ್ನನ್ನು ಕಂಡಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ.

ಆ ತಿಂಗಳಷ್ಟೇ ಪುಸ್ತಕ ಹಿಡಿದು ಅನ್ನ ಸೀಯಿಸಿದ್ದೆ. "ಇನ್ನೊಂದ್ಸಲ ಹಿಂಗಾದ್ರೆ ಇಸ್ಕೂಲ್ ಬಿಡ್ಸಿ ಕಾಫಿ ಪಿಕ್ಕಿಂಗಿಗೆ ಹಾಕ್ತೀನಿ" ಎಂದಿದ್ದರು ಅಪ್ಪ. ಅವರು ಆಡಿದ್ದನ್ನು ಮಾಡುವವರು. ನಾನು ಬಾಯಿ ಬಿಡಲಿಲ್ಲ. ಲೈನಿನ ಹೆಂಗಸರು ಜಾನಕಿಯ ಜೊತೆ ಮಾತು ಬಿಟ್ಟರು. ಮುಂದಿನ ಕೊಯ್ಲಿಗೆ ಮೊದಲೇ ಅವಳು ಕೂಸನ್ನು ಕಟ್ಟಿಕೊಂಡು ಕುಟ್ಟದ ಕಡೆಯ ಬೇರೆ ಎಸ್ಟೇಟಿಗೆ ಹೋದಳು. ನಾನು ಏಳನೇ ಕ್ಲಾಸಿಗೆ ಹೋದೆ, ಎಂಟಕ್ಕೆ ಹೋದೆ, ಡಿಗ್ರಿಗೂ ಹೋದೆ. ನನ್ನ ರಾಷ್ಟ್ರಗೀತೆಯಲ್ಲಿ ಈ ಸಾಲು ಇಲ್ಲ.

ಸಂಜೆ ಚಿತ್ರಾ ಫೋನ್ ಮಾಡಿದಳು.

"ಅಮ್ಮಾ, ನೋಡಿದ್ಯಾ?"

"ನೋಡ್ದೆ."

"ಹೇಗಿದೆ?"

"ಭಾರಿ ದೊಡ್ಡದುಂಟು."

"ಅಷ್ಟೇನಾ? ಏನೂ ಮುಟ್ಟಿಲ್ಲ ತಾನೆ?"

"ಹಲೋ? ಹಲೋ? ಇಲ್ಲಿ ಸಿಗ್ನಲ್ ಸರಿ ಇಲ್ಲ" ಎಂದು ಇಟ್ಟುಬಿಟ್ಟೆ. ಸಿಗ್ನಲ್ ಬಹಳ ಚೆನ್ನಾಗಿತ್ತು. ಅವಳು "ಅಮ್ಮಾ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತ್ತು.

ಮುಂದಿನ ಎರಡು ದಿನ ನಾನು ಹೇಗಿದ್ದೆನೆಂದು ಕೇಳಬೇಡಿ. ಒಂಬತ್ತನೇ ಕ್ಲಾಸಿಗೆ ಎಂಟನೇ ಕ್ಲಾಸಿನ ಪಾಠ ಮಾಡಿದೆ. ಅವರು ಪೂರ್ತಿ ಅವಧಿ ಬರೆದುಕೊಂಡರು, ಒಂದು ಮಗುವೂ ಹೇಳಲಿಲ್ಲ. ತಲೆಯಲ್ಲಿ ಒಂದರ ಹಿಂದೊಂದು ಸುಳ್ಳು ತಯಾರಾಗುತ್ತಿತ್ತು. ನಾನು ಒಳಗೆ ಹೋಗುವ ಮೊದಲೇ ಹಾಗಿತ್ತು ಎನ್ನಬಹುದು. ಕುಳ್ಳರಲ್ಲೇ ಯಾರೋ ಎಳೆದಿರಬೇಕು ಎನ್ನಬಹುದು, ಅವರು ಅಲ್ಲೇ ಓಡಾಡುತ್ತಿದ್ದರಲ್ಲ. ನಂಬುತ್ತಾಳೆ. ಜಾನಕಿ ಆ ಕಡೆ ಹೋಗುತ್ತಿದ್ದದ್ದು ನೋಡಿದೆ ಎಂಬ ಮಾತು ಕೂಡ ಒಮ್ಮೆ ತಲೆಯೊಳಗೆ ಬಂದು ಹೋಯಿತು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತಿದ್ದವಳು ಎದ್ದು ನಿಂತೆ. ನಲವತ್ತಾರು ವರ್ಷದ ಹೆಂಗಸು ನಾನು, ಎರಡನೇ ಸಲ ಅದೇ ಹೆಸರನ್ನು ಮುಂದೆ ನಿಲ್ಲಿಸಲು ಹೊರಟಿದ್ದೆ.

ಶನಿವಾರ ಮಧ್ಯಾಹ್ನ ಬ್ಯಾಗು ಹೊತ್ತು ಬಂದಳು. ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಬಿಟ್ಟೆ. ಹೊತ್ತು ಹೋದರೆ ಹೇಳುವುದಿಲ್ಲವೆಂದು ನನಗೆ ನನ್ನ ಬಗ್ಗೆ ಗೊತ್ತಿತ್ತು.

"ಚಿತ್ರಾ, ನಿನ್ನ ಕೋಟೆ ಮುಳುಗಿಸಿದೆ. ಕೋಡಿ ಮುಚ್ಚಿದ್ದು ನಾನು. ಮೂವತ್ತೊಂದು ಜನ."

ಅವಳು ಒಂದು ಚಪ್ಪಲಿಯಲ್ಲೇ ನಿಂತಳು. ಆಮೇಲೆ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ನಾನು ಬಾಗಿಲಲ್ಲಿ ನಿಂತೆ. ಅಂತಸ್ತು ಅಂತಸ್ತಾಗಿ ಇಳಿದು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಏನಾದರೂ ಅನ್ನಲು ಬರುತ್ತಿತ್ತು. ಅಳುತ್ತಿದ್ದಳು ಎಂಬುದು ಅವಳು ಮೂಗು ಒರೆಸಿಕೊಂಡಾಗ ತಿಳಿಯಿತು.

"ಹಳೇ ಕಾಪಿ ಇದ್ಯಲ್ಲ?" ಎಂದೆ ಮೆಲ್ಲಗೆ.

"ಇದೆ. ಕಳ್ಸಲ್ಲ."

"ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದೆ" ಎಂದಳು. ಕುರ್ಚಿಯಿಂದ ಎದ್ದಳು. "ಕೂತ್ಕೋ. ಚರಿತ್ರೆಯ ಕೊನೇ ಭಾಗ ನೀನೇ ಬರಿ. ಮಾಡಿದವರೇ ಬರೀಬೇಕು."

ಕೂತು ಬರೆದೆ. ಬರೆಯುವುದು ನನಗೆ ಹೊಸದಲ್ಲ. ಹನ್ನೆರಡು ಮನೆಗೆ ಒಂದು ನಲ್ಲಿ ಇದ್ದದ್ದು, ಕೈಯ ಅಭ್ಯಾಸ, ಕೋಡಿ ಪೋಲಿನಂತೆ ಕಂಡದ್ದು, ಆರನೇ ಕ್ಲಾಸು, ಮದುವೆ, ಜಾನಕಿ, ಅಪ್ಪನ ಬೆದರಿಕೆ, ಎಲ್ಲವೂ ಬಂತು. ಎರಡು ಪುಟವಾಯಿತು. ಕೊನೆಕೊನೆಗೆ ಚೆನ್ನಾಗಿಯೂ ಬರುತ್ತಿದೆ ಅನ್ನಿಸಿತು.

ಚಿತ್ರಾ ನಿಂತುಕೊಂಡೇ ಓದಿದಳು. ಜಾನಕಿಯ ಜಾಗಕ್ಕೆ ಬಂದಾಗ ನಿಧಾನವಾದಳು. ಮುಗಿಸಿ, ಮತ್ತೊಮ್ಮೆ ಆ ಜಾಗಕ್ಕೆ ಹೋಗಿ ಓದಿದಳು.

"ಇದ್ರಲ್ಲಿ ಕಾರಣ ಜಾಸ್ತಿ ಆಯ್ತಮ್ಮ. ಏನ್ ಮಾಡ್ದೆ ಅಂತ ಮಾತ್ರ ಅವರಿಗೆ ಬೇಕು."

ಒಂದೊಂದಾಗಿ ತೆಗೆದೆ. ನಲ್ಲಿ ಹೋಯಿತು, ಲೈನು ಹೋಯಿತು, ನನ್ನ ಬಡತನ ಹೋಯಿತು, ನನ್ನ ಓದು ಹೋಯಿತು. ಕೊನೆಗೆ ಉಳಿದದ್ದು ಇಷ್ಟು: ತೆರೆದಿರಬೇಕಾದ ಕೋಡಿಯನ್ನು ಕೋಟೆ ಕಟ್ಟಿದವಳ ತಾಯಿ ಮುಚ್ಚಿದಳು. ನೀರು ಬಂದಾಗ ತೆರೆಯದೆ ಓಡಿದಳು. ಮೂವತ್ತೊಂದು ಜನ ಸತ್ತರು. ಕೆಳಗೆ ನನ್ನ ಹೆಸರು.

ಅವಳು ಅದನ್ನು ಇಂಗ್ಲಿಷಿಗೆ ಹಾಕಿ, ಕೋಟೆಯ ಜೊತೆಗೆ ಸೇರಿಸಿ, ಕಳಿಸಿಬಿಟ್ಟಳು. ನನ್ನ ಮೂರು ವಾಕ್ಯ ಯಾವ ಊರಿನವನೋ ಗೊತ್ತಿಲ್ಲದ ಒಬ್ಬನ ಮನೆಗೆ ಹೋಯಿತು. ಮುಗಿಯಿತೆಂದು ನಾನು ಏಳಲು ಹೋದೆ.

"ಉಳಿದದ್ದು ತಾತಂಗೆ ಹೇಳು" ಎಂದಳು ಚಿತ್ರಾ. "ತಾತ ಜಗುಲೀಲಿದ್ದಾರೆ."

ಆ ಕೋಣೆಯಿಂದ ಜಗುಲಿಗೆ ಎಂಟು ಹೆಜ್ಜೆ. ಅಪ್ಪ ಅಡಕೆ ಕತ್ತರಿಸುತ್ತಿದ್ದರು. ಅವತ್ತು ನಲ್ಲಿ ಬಿಟ್ಟುಬಂದವಳು ಜಾನಕಿಯಲ್ಲ, ನಾನು ಎಂದು ನಿಂತೇ ಹೇಳಿದೆ. ಚಿತ್ರಾ ಕಲಿಸಿದಂತೆ, ಕಾರಣ ಬಿಟ್ಟು. ಅಪ್ಪನ ಅಡಕತ್ತರಿ ನಿಂತಿತು. ಅವರು ನನ್ನನ್ನು ನೋಡಲಿಲ್ಲ. ಕತ್ತರಿಸಿದ ಅಡಕೆಯನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿದರು. ಅವತ್ತೇ ಹೇಳಿದ್ದರೆ ಇಸ್ಕೂಲು ಬಿಡಿಸಿಬಿಡುತ್ತಿದ್ದೆ ಎನ್ನುವರೋ, ಹೋಗಲಿ ಬಿಡು ಎನ್ನುವರೋ ಎಂದು ನಾನು ಕಾದೆ. ಎರಡೂ ಅನ್ನಲಿಲ್ಲ.

"ಜಾನಕಿ ಇನ್ನೂ ಬದುಕವ್ಳೆ" ಎಂದರು ಕಡೆಗೆ. "ಕುಟ್ಟದಲ್ಲಿ ಮಗಳ ಮನೇಲಿ. ನಾಳೆ ಬೆಳಗ್ಗೆ ಬಸ್ಸು ಎಷ್ಟೊತ್ತಿಗೆ ಅದೆ, ಕೇಳು."